‘ಇದೆಲ್ಲ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇತ್ತಲ್ಲವೇ?’

ಖಗೋಳ ವಿಜ್ಞಾನದ ಬಗ್ಗೆ ಕನ್ನಡದಲ್ಲಿ ಮಾತನಾಡುವ, ಬರೆಯುವ ನನಗೆ ಉಪನ್ಯಾಸ ಮುಗಿಯುತ್ತಿದ್ದಂತೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. ವಿಶ್ವ ಹೇಗೆ ಹುಟ್ಟಿತು, ಅದರಲ್ಲಿ ಮನುಷ್ಯನ ಸ್ಥಾನವೇನು ಎಂಬುದನ್ನು ವಿಜ್ಞಾನಿಗಳು ಈಗ ಹೇಳುತ್ತಿದ್ದಾರೆ, ಆದರೆ ಇದೆಲ್ಲ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇತ್ತಲ್ಲವೇ? ಹೀಗೆ ಕೇಳುವವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದಾರೆ, ನಿವೃತ್ತ ಮೇಷ್ಟರೂ ಇದ್ದಾರೆ. ಪ್ರಶ್ನೆಯ ಹಿಂದಿರುವುದು ಪರಂಪರೆಯ ಮೇಲಿನ ಪ್ರೀತಿ. ಆ ಪ್ರೀತಿ ನನಗೂ ಇದೆ. ಆದರೂ ನನ್ನ ಉತ್ತರ ‘ಇರಲಿಲ್ಲ’ ಎಂಬುದೇ. ಇರಬೇಕಾದ ಅಗತ್ಯವೂ ಇರಲಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಈ ಪ್ರಶ್ನೆ ನಮ್ಮ ದೇಶದ್ದು ಮಾತ್ರವಲ್ಲ. ಬೆಲ್ಜಿಯಂನ ಜಾರ್ಜ್ ಲೆಮೈತ್ರ್ 1923ರಲ್ಲಿ ದೀಕ್ಷೆ ಪಡೆದ ಕ್ಯಾಥೊಲಿಕ್ ಪಾದ್ರಿ. ಜೊತೆಗೆ ಲೂವೆನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಭೌತವಿಜ್ಞಾನಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಲೆಕ್ಕ ಹಾಕಿ ತೋರಿಸಿದವರು ಅವರು. 1931ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಪುಟ್ಟ ಟಿಪ್ಪಣಿಯಲ್ಲಿ, ಈ ಹಿಗ್ಗುವಿಕೆಯನ್ನು ಹಿಂದಕ್ಕೆ ಅನುಸರಿಸುತ್ತಾ ಹೋದರೆ ಎಲ್ಲವೂ ಒಂದೇ ಆದಿಮ ಕಣದಿಂದ ಹೊರಟಿರಬೇಕು ಎಂಬ ವಿಚಾರವನ್ನು ಮಂಡಿಸಿದರು. ಇಂದು ನಾವು ಮಹಾಸ್ಫೋಟ ಎನ್ನುವ ಸಿದ್ಧಾಂತದ ಮೊದಲ ರೂಪ ಅದು. ಆ ಟಿಪ್ಪಣಿಯ ಬೆರಳಚ್ಚು ಪ್ರತಿ ಉಳಿದುಕೊಂಡಿದೆ. ಅದರ ಕೊನೆಯಲ್ಲೊಂದು ಪ್ಯಾರಾ ಇದೆ: ದೇವರು ಮೂಲತಃ ಮರೆಯಲ್ಲಿರುವವನು, ಸೃಷ್ಟಿಯ ಮೇಲೆ ಇಂದಿನ ಭೌತಶಾಸ್ತ್ರ ಹೊದಿಸಿರುವ ತೆರೆಯನ್ನು ಕಂಡು ಆಸ್ತಿಕರು ಸಂತೋಷಪಡಬಹುದು ಎಂಬ ಅರ್ಥದ ಮಾತು. ಆ ಪ್ಯಾರಾವನ್ನು ಅಚ್ಚಿಗೆ ಹೋಗುವ ಮೊದಲೇ ಹೊಡೆದುಹಾಕಲಾಗಿದೆ. ಅವರು ದಿನವೂ ಪ್ರಾರ್ಥನೆ ಮಾಡುತ್ತಿದ್ದವರು, ಆ ಮಾತನ್ನು ಮನಸಾರೆ ನಂಬಿದ್ದವರು. ಆದರೂ ವಿಜ್ಞಾನ ಪತ್ರಿಕೆಯ ಪುಟದಲ್ಲಿ ಅದು ಬರಲಿಲ್ಲ.

ಇಪ್ಪತ್ತು ವರ್ಷಗಳ ನಂತರ, 1951ರ ನವೆಂಬರ್‌ನಲ್ಲಿ, ಹನ್ನೆರಡನೆಯ ಪಯಸ್ ಪೋಪರು ತಮ್ಮ ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ, ‘ಬೆಳಕಾಗಲಿ’ ಎಂಬ ಬೈಬಲ್ಲಿನ ಆದಿವಾಕ್ಯಕ್ಕೆ ಇಂದಿನ ವಿಜ್ಞಾನ ಸಾಕ್ಷಿ ನುಡಿಯುತ್ತಿದೆ ಎಂಬರ್ಥದಲ್ಲಿ ಭಾಷಣ ಮಾಡಿದರು. ಆ ಅಕಾಡೆಮಿಯ ಸದಸ್ಯರೇ ಆಗಿದ್ದ ಲೆಮೈತ್ರ್‌ಗೆ ಇದರಿಂದ ಸಂತೋಷವಾಗಬೇಕಿತ್ತು ಎಂದು ಯಾರಿಗಾದರೂ ಅನಿಸಬಹುದು. ಅವರಿಗೆ ಕಳವಳವಾಯಿತು. ಆಗಿನ್ನೂ ಮಹಾಸ್ಫೋಟಕ್ಕೆ ಗಟ್ಟಿ ಪುರಾವೆ ಸಿಕ್ಕಿರಲಿಲ್ಲ. ವಿಶ್ವಕ್ಕೆ ಆದಿಯೇ ಇಲ್ಲ ಎನ್ನುವ ಎದುರು ಸಿದ್ಧಾಂತವನ್ನು ಬ್ರಿಟನ್ನಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಮತ್ತು ಅವರ ಸಂಗಡಿಗರು 1948ರಿಂದ ಬಲವಾಗಿ ಮಂಡಿಸುತ್ತಿದ್ದರು. ನಾಳೆ ಅವರೇ ಗೆದ್ದರೆ, ಸಿದ್ಧಾಂತದ ಜೊತೆಗೆ ಅದಕ್ಕೆ ಕಟ್ಟಿದ ದೇವರೂ ಬೀಳಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಲೆಕ್ಕ ಮತ್ತು ವೀಕ್ಷಣೆಗಳಿಂದಲೇ ನಿಲ್ಲಬೇಕಾದ ತಮ್ಮ ಕೆಲಸ ಧರ್ಮದ ವಕಾಲತ್ತಾಗಿ ಕಾಣಿಸಬಾರದು ಎಂಬುದು ಅವರ ನಿಲುವಾಗಿತ್ತು. ಮುಂದಿನ ವರ್ಷ ರೋಮ್‌ನಲ್ಲಿ ಸೇರಿದ್ದ ಖಗೋಳ ವಿಜ್ಞಾನಿಗಳನ್ನು ಉದ್ದೇಶಿಸಿ ಪೋಪರು ಮಾತನಾಡಿದಾಗ ಆ ವಾದ ಮತ್ತೆ ಬರಲಿಲ್ಲ. ಗಟ್ಟಿ ಪುರಾವೆಯಾದ, ಆದಿಯ ಆ ಕಾವಿನಿಂದ ಉಳಿದುಬಂದ ವಿಶ್ವವ್ಯಾಪಿ ಸೂಕ್ಷ್ಮತರಂಗ ವಿಕಿರಣ ಅಮೆರಿಕದ ನ್ಯೂಜೆರ್ಸಿಯ ಆಂಟೆನಾವೊಂದರಲ್ಲಿ ಪತ್ತೆಯಾದದ್ದು 1964–65ರಲ್ಲಿ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ನನಗೆ ಅತಿ ಹೆಚ್ಚು ಸಲ ತೋರಿಸಲಾದ ‘ಪುರಾವೆ’ ಬ್ರಹ್ಮನ ಒಂದು ಹಗಲಿನ ಲೆಕ್ಕ. ಪುರಾಣಗಳ ಪ್ರಕಾರ ಆ ಒಂದು ಹಗಲು, ಅಂದರೆ ಒಂದು ಕಲ್ಪ, 432 ಕೋಟಿ ವರ್ಷ. ವಿಜ್ಞಾನದ ಪ್ರಕಾರ ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಹತ್ತಿರ ಹತ್ತಿರ ಇವೆ, ನಿಜ. ಆದರೆ ಅದೇ ಪುರಾಣಗಳ ಎಣಿಕೆಯಂತೆ ಈಗಿನ ಕಲ್ಪದಲ್ಲಿ ಕಳೆದಿರುವುದು ಸುಮಾರು 197 ಕೋಟಿ ವರ್ಷ ಮಾತ್ರ, ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿ ಇದೆ. ಹಾಗಾಗಿ ಹೋಲಿಕೆ ಅದರ ಸ್ವಂತ ನೆಲೆಯಲ್ಲೇ ನಿಲ್ಲುವುದಿಲ್ಲ. ಕಲ್ಪದ ಸಾವಿರದಲ್ಲೊಂದು ಭಾಗವಾದ 43,20,000 ವರ್ಷಗಳ ಮಹಾಯುಗವನ್ನು ಸೂರ್ಯಸಿದ್ಧಾಂತದಂಥ ಹಳೆಯ ಖಗೋಳ ಗ್ರಂಥಗಳು ಬಳಸಿದ್ದು ಅಷ್ಟರಲ್ಲಿ ಪ್ರತಿ ಗ್ರಹವೂ ಪೂರ್ಣಾಂಕದಷ್ಟು ಸುತ್ತು ಮುಗಿಸುವಂತೆ ಗಣಿತ ಕಟ್ಟಲು; ಅದು ಜಾಣ್ಮೆಯ ಗಣಿತ. ಭೂಮಿಯ ವಯಸ್ಸು ಬಂದದ್ದು ಬೇರೆಯೇ ದಾರಿಯಿಂದ. ಯುರೇನಿಯಂ ನಿಧಾನವಾಗಿ ಸೀಸವಾಗಿ ಮಾರ್ಪಡುವ ದರ ಗೊತ್ತಿತ್ತು. ಉಲ್ಕಾಶಿಲೆಗಳಲ್ಲಿನ ಸೀಸದ ಐಸೊಟೋಪುಗಳ (ತೂಕದಲ್ಲಿ ಬೇರೆ ಬೇರೆಯಾದ ಸೀಸದ ಪರಮಾಣುಗಳ) ಪ್ರಮಾಣವನ್ನು ಅಳೆದು ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ 455 ಕೋಟಿ ವರ್ಷ ಎಂಬ ಅಂಕಿಯನ್ನು ಪ್ರಕಟಿಸಿದರು. ವಿಜ್ಞಾನದಲ್ಲಿ ಅಂಕಿಯಷ್ಟೇ ಉತ್ತರವಲ್ಲ, ಅದನ್ನು ತಲುಪಿದ ದಾರಿಯೂ ಉತ್ತರದ ಭಾಗ. ಇನ್ನೊಬ್ಬರು ಅದೇ ದಾರಿಯಲ್ಲಿ ನಡೆದು ತಪ್ಪು ಹಿಡಿಯಲು ಸಾಧ್ಯವಿರಬೇಕು.

ಹಾಗೆಂದು ಕಲ್ಪದ ಲೆಕ್ಕ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅದು ನಿಜವಾಗಿ ಕೆಲಸ ಮಾಡುವ ಜಾಗವನ್ನು ನೋಡಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪೂಜೆಗೆ ಮೊದಲು ಮಾಡುವ ಸಂಕಲ್ಪದಲ್ಲಿ ‘ಶ್ವೇತವರಾಹಕಲ್ಪೇ ವೈವಸ್ವತ ಮನ್ವಂತರೇ ಕಲಿಯುಗೇ ಪ್ರಥಮಪಾದೇ’ ಎಂದು ಶುರುವಾಗಿ, ಜಂಬೂದ್ವೀಪ, ಭರತವರ್ಷ ದಾಟಿ, ಗೋದಾವರಿಯ ದಕ್ಷಿಣ ತೀರಕ್ಕೆ ಬಂದು, ಸಂವತ್ಸರ, ಮಾಸ, ಪಕ್ಷ, ತಿಥಿಗಳ ಮೂಲಕ ಇಳಿದು ಕೊನೆಗೆ ಮಣೆಯ ಮೇಲೆ ಕುಳಿತ ವ್ಯಕ್ತಿಯ ಗೋತ್ರ ಮತ್ತು ಹೆಸರಿಗೆ ಬಂದು ನಿಲ್ಲುತ್ತಾರೆ. ಕೋಟ್ಯಂತರ ವರ್ಷಗಳ ಕಾಲದೊಳಗೆ ಒಬ್ಬ ಮನುಷ್ಯನಿಗೆ, ಅವನು ಮಾಡಲಿರುವ ಒಂದು ಸಣ್ಣ ಕೆಲಸಕ್ಕೆ, ಒಂದು ವಿಳಾಸ ಸಿಗುತ್ತದೆ. ಇದನ್ನು ಸೀಸದ ಐಸೊಟೋಪುಗಳು ಕೊಡಲಾರವು. ಹಾಗೆಯೇ, ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತವನ್ನು ಮಹಾಸ್ಫೋಟದ ವರದಿ ಎಂದು ಓದುವವರು ಅದರ ಕೊನೆಯ ಋಕ್ಕನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಪರಮವ್ಯೋಮದಲ್ಲಿದ್ದು ಇದನ್ನೆಲ್ಲ ನೋಡುವವನು ಬಲ್ಲನೇನೋ, ಅಥವಾ ಅವನೂ ಅರಿಯನೇನೋ ಎಂದು ಸೂಕ್ತ ಮುಗಿಯುತ್ತದೆ. ಪ್ರಶ್ನೆಯಲ್ಲೇ ನಿಲ್ಲುವ ಧೈರ್ಯ ತೋರಿದ ಕವಿಯ ಬಾಯಲ್ಲಿ ನಾವು ಉತ್ತರ ತುರುಕುವುದು ಅವನಿಗೆ ಮಾಡುವ ಗೌರವವಲ್ಲ.

ಸಾಹಿತ್ಯದ ಮಾತು ಬಂದಾಗ ನಾನು ಬಸವಣ್ಣನವರ ವಚನವೊಂದನ್ನು ಹೇಳುತ್ತೇನೆ. ‘ಜಗದಗಲ ಮುಗಿಲಗಲ ಮಿಗೆಯಗಲ ನಿಮ್ಮಗಲ’ ಎಂದು ಅದು ಆರಂಭವಾಗುತ್ತದೆ. ನಾಲ್ಕು ಹೆಜ್ಜೆಗಳಲ್ಲಿ ಲೋಕ, ಆಕಾಶ, ಅದರಾಚೆ ಎಲ್ಲವೂ ದಾಟಿಹೋಗುತ್ತವೆ. ಪಾದ ಪಾತಾಳದಿಂದ ಅತ್ತ, ಮುಕುಟ ಬ್ರಹ್ಮಾಂಡದಿಂದ ಅತ್ತ. ಅಷ್ಟು ದೊಡ್ಡದಾದದ್ದು ಕೊನೆಯಲ್ಲಿ ‘ಎನ್ನ ಕರಸ್ಥಲಕ್ಕೆ ಬಂದು ಚುಳುಕಾದಿರಯ್ಯ’ ಎಂದು ಅಂಗೈಯಲ್ಲಿ ಹಿಡಿದ ಇಷ್ಟಲಿಂಗಕ್ಕೆ ಇಳಿದುಬಿಡುತ್ತದೆ. ಇದು ಭಕ್ತಿಯ ಮಾತು, ಆದರೆ ಲಿಂಗಧಾರಿಯಲ್ಲದ ಓದುಗನನ್ನೂ ತಟ್ಟುವುದು ಆ ಇಳಿತದ ಲಯದಿಂದ. ನಮಗೆ ಕಾಣಬಲ್ಲ ವಿಶ್ವದ ವ್ಯಾಸ ಸುಮಾರು 9,300 ಕೋಟಿ ಜ್ಯೋತಿರ್ವರ್ಷ ಎಂದು ಇಂದಿನ ಲೆಕ್ಕ; ನಾಳೆ ಅದು ತಿದ್ದುಪಡಿಯಾದರೆ ನನ್ನ ಉಪನ್ಯಾಸವನ್ನು ತಿದ್ದಬೇಕಾಗುತ್ತದೆ, ವಚನವನ್ನಲ್ಲ. ಆದರೆ ಆ ಅಂಕಿಯನ್ನು ಕಲಿತ ವಿದ್ಯಾರ್ಥಿ ‘ಮಿಗೆಯಗಲ’ ಎಂಬಲ್ಲಿಗೆ ಬಂದಾಗ ಒಂದು ಕ್ಷಣ ಹೆಚ್ಚು ನಿಲ್ಲುತ್ತಾನೆ ಎಂಬುದನ್ನು ನಾನು ತರಗತಿಗಳಲ್ಲಿ ಕಂಡಿದ್ದೇನೆ.