ಮುರುಗಲು ಸಿಪ್ಪೆಯ ಬಣ್ಣದಲ್ಲಿ ಸೌರಕೋಶ

ಮುರುಗಲು ಹಣ್ಣಾಗುವ ಮೇ ತಿಂಗಳಲ್ಲೇ ಈ ಪ್ರಯೋಗಕ್ಕೆ ಕೂತೆವು. ಬೆಳಗಿನ ಹೊತ್ತೆಲ್ಲ, ಸಿಪ್ಪೆಯ ಬಣ್ಣ ಹಿಡಿಯಬೇಕಾದ ಬಿಳಿ ಪೇಸ್ಟಿಗೇ ಹೋಯಿತು. 6 ಗ್ರಾಂ ಟೈಟಾನಿಯಂ ಡೈಆಕ್ಸೈಡ್ ನ್ಯಾನೋ ಪುಡಿಗೆ, ಪಿಎಚ್ 3–4ರ ಅಸಿಟಿಕ್ ಆಮ್ಲದ ನೀರು 9 ಮಿ.ಲೀ. ಅದನ್ನು ಚೂರುಚೂರೇ ಹಾಕುತ್ತ ಕಲ್ಬತ್ತಿನಲ್ಲಿ ಅರೆಯಬೇಕು. ಒಮ್ಮೆಲೇ ಸುರಿದರೆ ಗಂಟು ಒಡೆಯುವುದಿಲ್ಲ.

ವಿದ್ಯುತ್ ಹರಿಯುವ ಲೇಪನವಿರುವ ಗಾಜಿನ ಯಾವ ಮುಖಕ್ಕೆ ಲೇಪನವಿದೆ ಎಂಬುದನ್ನು ಮಲ್ಟಿಮೀಟರ್ ಹೇಳುತ್ತದೆ: ಹತ್ತಾರು ಓಮ್ ತೋರಿಸಿದರೆ ಅದೇ. ಅಂಚಿಗೆ ಒಂದೇ ಪದರ ಟೇಪ್ ಅಂಟಿಸಿ, ಪೇಸ್ಟನ್ನು ಗಾಜಿನ ಕಡ್ಡಿಯಿಂದ ಎಳೆದು ಹರಡಿದೆವು. ಎರಡು ಪದರ ಟೇಪ್ ಹಾಕಿದ ಗಾಜಿನಲ್ಲಿ ಲೇಪ ಒಣಗುವಾಗಲೇ ಬಿರುಕುಬಿಟ್ಟು ಎದ್ದಿತು. 450 ಡಿಗ್ರಿಯಲ್ಲಿ ಅರ್ಧ ಗಂಟೆ ಸುಟ್ಟ ಮೇಲೆ ತಾನಾಗಿ ತಣಿಯಲು ಬಿಡಬೇಕು, ಅವಸರ ಮಾಡಿದರೆ ಗಾಜೇ ಸೀಳುತ್ತದೆ.

ಬಣ್ಣಕ್ಕೆ ತಾಜಾ ಸಿಪ್ಪೆಯೇ ಆಗಬೇಕು. ಸಕ್ಕರೆ ಹಾಕಿದ ಶರಬತ್ತು, ಉಪ್ಪು ಹಚ್ಚಿ ಒಣಗಿಸಿದ ಸಿಪ್ಪೆ ಬೇಡ. ಜಜ್ಜಿ, ಸೋಸಿದ ರಸದಲ್ಲಿ ಬಿಳಿ ಲೇಪವನ್ನು ಮುಳುಗಿಸಿದಾಗ ಕಾಣುವುದು ಬಲು ಚೆಂದ: ರಸ ಕೆಂಪು, ಲೇಪಕ್ಕೆ ಹತ್ತಿದ ಬಣ್ಣ ಮಾತ್ರ ನೇರಳೆಗೆ ತಿರುಗುತ್ತದೆ. ಹಣ್ಣಿನ ಕೆಂಪು ಬಣ್ಣದ ವಸ್ತುವಾದ ಆಂಥೊಸಯನಿನ್ ಟೈಟಾನಿಯಂನ್ನು ಹಿಡಿದುಕೊಂಡಿತು ಎಂಬುದಕ್ಕೆ ಅದೇ ಗುರುತು. ಮುರುಗಲಿನಲ್ಲಿರುವ ಬಗೆಯಾದ ಸಯನಿಡಿನ್‌ನಲ್ಲಿ ಅಕ್ಕಪಕ್ಕದ ಎರಡು ಹೈಡ್ರಾಕ್ಸಿಲ್ (OH) ಗುಂಪುಗಳಿವೆ. ಹಿಡಿತ ಬರುವುದು ಅವುಗಳಿಂದ. ಸ್ಟ್ರಾಬೆರಿಯಲ್ಲಿ ಹೆಚ್ಚಾಗಿರುವ ಇನ್ನೊಂದು ಬಗೆ, ಪೆಲಾರ್ಗೊನಿಡಿನ್‌ಗೆ ಆ ಜೋಡಿಯಿಲ್ಲ. ಹಾಗಾಗಿ ಎಷ್ಟೇ ಕೆಂಪಗಿದ್ದರೂ ತೊಳೆದರೆ ಹೋಗುತ್ತದೆ. ಹಣ್ಣನ್ನು ಬಣ್ಣದ ಗಾಢತೆ ನೋಡಿ ಆರಿಸಬಾರದು ಎನ್ನುವುದು ಇದಕ್ಕೇ.

ಹಿಂಬದಿಯಿಂದ ನೋಡಿದಾಗ ಬಿಳಿ ಕಂಡರೆ ಮತ್ತೆ ಮುಳುಗಿಸಿ. ಮೊದಲು ನೀರಿನಲ್ಲಿ, ಆಮೇಲೆ ಎಥನಾಲ್‌ನಲ್ಲಿ ತೊಳೆದು, ಒತ್ತಿ ಒಣಗಿಸಿ. ಒಳಗೆ ನೀರು ಉಳಿದರೆ ಬಣ್ಣ ಬಿಡುತ್ತದೆ. ಇನ್ನೊಂದು ಗಾಜಿನ ಲೇಪನದ ಮುಖಕ್ಕೆ ಮೆತ್ತನೆ ಪೆನ್ಸಿಲ್‌ನ ಗ್ರಾಫೈಟ್ ತಿಕ್ಕಿ, ಎರಡನ್ನೂ ಸ್ವಲ್ಪ ಜರುಗಿಸಿ ಕ್ಲಿಪ್ ಹಾಕಿ, ಅಂಚಿನಲ್ಲಿ ಎರಡು ಹನಿ ಎಲೆಕ್ಟ್ರೊಲೈಟ್ (ವಿದ್ಯುತ್ ಸಾಗಿಸುವ ದ್ರಾವಣ) ಬಿಟ್ಟರೆ ತಾನೇ ಒಳಗೆ ಹೀರಿಕೊಳ್ಳುತ್ತದೆ. ಅದು ಎಥಿಲೀನ್ ಗ್ಲೈಕಾಲ್‌ನಲ್ಲಿ 0.5 ಮೋಲಾರ್ ಪೊಟ್ಯಾಸಿಯಂ ಅಯೊಡೈಡ್, 0.05 ಮೋಲಾರ್ ಅಯೊಡಿನ್. ಹೊರಗೆ ಚೆಲ್ಲಿದ್ದನ್ನು ಒರೆಸಲೇಬೇಕು, ಅಯೊಡಿನ್ ಲೋಹದ ಕ್ಲಿಪ್ಪನ್ನು ತಿನ್ನುತ್ತದೆ.

ಬಿಸಿಲಿನಲ್ಲಿ ಇಂಥ ಕೋಶ 0.3ರಿಂದ 0.5 ವೋಲ್ಟ್ ಕೊಡುತ್ತದೆ. 1991ರಲ್ಲಿ ವಿಜ್ಞಾನಿಗಳಾದ ಓ'ರೀಗನ್ ಮತ್ತು ಗ್ರೆಟ್ಸೆಲ್ ಇಂಥದ್ದೇ ಕೋಶದಲ್ಲಿ ರುಥೇನಿಯಂ ಲೋಹವಿರುವ ಬಣ್ಣದಿಂದ ಶೇ. 7ರ ದಕ್ಷತೆ ಮುಟ್ಟಿದ್ದರು. ಹಣ್ಣಿನ ಬಣ್ಣದ್ದು ಸಾಮಾನ್ಯವಾಗಿ ಶೇ. 1ರ ಒಳಗೇ. ವೋಲ್ಟೇಜ್ ಇದ್ದೂ ಕರೆಂಟ್ ಬೀಳುತ್ತ ಬಂದರೆ, ಮೊದಲು ಎಲೆಕ್ಟ್ರೊಲೈಟ್ ಒಣಗಿದೆಯೇ ನೋಡಿ, ಒಂದು ಹನಿ ಸೇರಿಸಿ.