ಸಣ್ಣ ವಿಮಾನದ ಕರೆಂಟಿನ ಮಾತು

2019ರಾಗ ಏರ್‌ಪೋರ್ಟ್ ಶುರು ಆದಾಗಿಂದ ಕಲಬುರಗಿ ಮಂದಿಗೆ ವಿಮಾನ ಹೊಸಾದೇನಲ್ಲ, ಈಗಂತೂ ಟ್ರೈನಿಂಗಿನ ಸಣ್ಣ ವಿಮಾನ ಗುಂಯ್ ಅಂತ ಸುತ್ತಾಡ್ತಾವ. ನನ್ನ ತಲ್ಯಾಗ ಮಾತ್ರ ಒಂದೇ ಹುಳ, ಮ್ಯಾಲೆ ಹೋದಾಗ ಬ್ಯಾಟರಿ ಕೈ ಕೊಟ್ರ ಏನ್ ಗತಿ?

ಓದಿ ನೋಡ್ದೆ, ಇಂಜಿನ್ ಬಂದ್ ಆಗಂಗೇ ಇಲ್ರಿ! ಸೆಸ್ನಾ 172ನಂಥಾ ಟ್ರೈನಿಂಗ್ ವಿಮಾನದಾಗ ಸ್ಪಾರ್ಕ್ ಕೊಡೋದು ಮ್ಯಾಗ್ನೆಟೋ, ನಮ್ಮ ಹಳೆ ಲೂನಾದಾಗ ಇದ್ದಂಗ, ಇಂಜಿನ್ ತಿರುಗಿದ್ರ ಸಾಕು ತಾನೇ ಕಿಡಿ ಹುಟ್ಟಿಸ್ತದ, ಅದೂ ಒಂದಲ್ಲ ಎರಡು, ಒಂದೊಂದು ಸಿಲಿಂಡರಿಗೂ ಎರಡೆರಡು ಪ್ಲಗ್.

ಉಳಿದ ಕರೆಂಟಿಂದು ಬ್ಯಾರೆ ಲೆಕ್ಕ. ಸ್ಟಾರ್ಟ್ ಮಾಡ್ಲಿಕ್ಕ 24 ವೋಲ್ಟಿನ ಬ್ಯಾಟರಿ, ಆಮ್ಯಾಲೆ ಇಂಜಿನ್ ತಿರುಗಿದಂಗ ಕರೆಂಟ್ ಹುಟ್ಟಿಸೋ 28 ವೋಲ್ಟಿನ ಆಲ್ಟರ್ನೇಟರ್ ರೇಡಿಯೋ, ಲೈಟ್, ರೆಕ್ಕಿ ಹಿಂದಿನ ಫ್ಲ್ಯಾಪ್ ಎಲ್ಲಾ ನಡಸ್ತದ, ಬ್ಯಾಟರಿನೂ ಚಾರ್ಜ್ ಮಾಡ್ತದ, 28 ಯಾಕಂದ್ರ ಬ್ಯಾಟರಿಗಿಂತ ಜಾಸ್ತಿ ಇದ್ರೇನೇ ಅದ್ರೊಳಗ ಕರೆಂಟ್ ಹೋಗ್ತದ ನೋಡ್ರಿ. ಆಲ್ಟರ್ನೇಟರ್ ಕೆಟ್ರ ಲೋ ವೋಲ್ಟೇಜ್ ಲೈಟ್ ಹತ್ತತದ, ಪೈಲಟ್ ರೀಸೆಟ್ ಮಾಡಿ ನೋಡ್ತಾರ, ಬರ್ಲಿಲ್ಲಂದ್ರ ಬ್ಯಾಡಾದ್ದೆಲ್ಲ ಆಫ್ ಮಾಡಿ ಬ್ಯಾಟರಿ ಮುಗಿಯೋದ್ರಾಗ ಇಳಿಲಿಕ್ಕ ಜಾಗ ಹುಡುಕ್ಬೇಕು.

ಆಗ ಏನೇನು ಮಾಡ್ಬೇಕಂತ ಚೆಕ್‌ಲಿಸ್ಟಿನಾಗ ಮೊದ್ಲೇ ಬರದಿಟ್ಟಿರ್ತಾರ, ನಂಗ ಭಾಳ ಹಿಡಿಸಿದ್ದು ಇದೇ, ಗಾಬ್ರಿ ಆದ ಟೈಮಿಗೆ ಕುಂತು ವಿಚಾರ ಮಾಡೋ ಕೆಲಸಾನೇ ಇಟ್ಟಿಲ್ಲ. ನಮ್ಮ ಮನ್ಯಾಗ ಇನ್ವರ್ಟರ್ ಕೂಗಿದ್ರ ಫ್ಯಾನೋ ಟಿವಿನೋ ಅಂತ ಮೊದ್ಲು ಜಗಳ ಆಗ್ತದ, ಅದು ಬ್ಯಾರೆ ಮಾತು. ಹೊಸಾ ವಿಮಾನದಾಗ ಮುಳ್ಳಿನ ಮೀಟರ್ ಹೋಗಿ ಸ್ಕ್ರೀನ್ ಬಂದಾವ, ಅವಕ್ಕಂತ ಸ್ಟ್ಯಾಂಡ್‌ಬೈ ಬ್ಯಾಟರಿ ಒಂದು ಬ್ಯಾರೇನೇ ಇಟ್ಟಿರ್ತಾರ.