ನೆತ್ತಿಗೆ ಹತ್ತದ ಗುಟುಕು

ಅನ್ನವೋ ನೀರೋ ದಾರಿ ತಪ್ಪಿ ಶ್ವಾಸನಾಳದ ಕಡೆ ಹೋಗಿ ಕೆಮ್ಮು ಬಂದರೆ ‘ನೆತ್ತಿಗೆ ಹತ್ತಿತು’ ಅನ್ನುತ್ತೇವೆ. ನುಂಗಲು ಕಷ್ಟವಿರುವವರ ಕೇಸ್ ಹಿಸ್ಟರಿ ಬರೆಯುವಾಗ ಬೆಂಗಳೂರಿನ ವಾರ್ಡುಗಳಲ್ಲಿ ಕೇಳಬೇಕಾದ ಪ್ರಶ್ನೆಯೂ ಅದೇ: ‘ಊಟದ ಹೊತ್ತಲ್ಲಿ ನೆತ್ತಿಗೆ ಹತ್ತುತ್ತಾ?’ ಸ್ಪೀಚ್ ಪೆಥಾಲಜಿ ಎಂ.ಎಸ್ಸಿ.ಯ ಎರಡನೇ ವರ್ಷ, ನ್ಯೂರಾಲಜಿ ಪೋಸ್ಟಿಂಗ್‌ನ ಆ ಬೆಳಿಗ್ಗೆ ರೋಗಿಯೊಬ್ಬರ ಮಗಳಿಂದ ನಮಗೆ ಸಿಕ್ಕ ಉತ್ತರ: ‘ಇಲ್ಲ ಮೇಡಂ, ಒಂದ್ಸಲಾನೂ ಹತ್ತಿಲ್ಲ. ನಿನ್ನೆ ಎರಡು ಚಮಚ ನೀರು ಕೊಟ್ವಿ, ಅಪ್ಪ ಆರಾಮಾಗಿ ಕುಡಿದ್ರು.’

ಅಪ್ಪ ರಾಮನಗರದ ಕಡೆಯ ರೈತರು, ಅರವತ್ತು ದಾಟಿದವರು. ಮಿದುಳಿನ ಕಾಂಡದಲ್ಲಿ ಸ್ಟ್ರೋಕ್ ಆಗಿ ಹತ್ತು ದಿನ. ಮೂಗಿನಲ್ಲಿ ರೈಲ್ಸ್ ಟ್ಯೂಬ್, ಅಂದರೆ ಹೊಟ್ಟೆಗೆ ನೇರವಾಗಿ ಆಹಾರ ಕೊಡುವ ನಳಿಕೆ. ನೀರು ಕುಡಿದ ಮೇಲೆ ಅವರ ದನಿಯಲ್ಲಿ ಗೊರಗೊರ ಒದ್ದೆ ಸದ್ದಿತ್ತು. ಮಗಳಿಗೆ ಅದು ಕಫ ಅನಿಸಿತ್ತು.

ಸ್ಪೀಚ್ ಥೆರಪಿ ಎಂದರೆ ತೊದಲು ಮಾತಿನ ಮಕ್ಕಳು ಅಂತಲೇ ಬಹಳ ಜನ ತಿಳಿದಿದ್ದಾರೆ. ಮಾತಿಗೆ ಬಳಸುವ ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆಯೇ ನುಂಗಲೂ ಬೇಕು, ಹಾಗಾಗಿ ಇದೂ ನಮ್ಮ ಕೆಲಸ. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಬಿ.ಎ.ಎಸ್.ಎಲ್.ಪಿ. (ಶ್ರವಣ ಮತ್ತು ವಾಕ್ ಚಿಕಿತ್ಸೆಯ ಪದವಿ), ಆಮೇಲೆ ಎರಡು ವರ್ಷದ ಎಂ.ಎಸ್ಸಿ. ರೋಗಿಗಳನ್ನು ಸ್ವತಂತ್ರವಾಗಿ ನೋಡಲು 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು.

ಪರೀಕ್ಷೆಗೆ ಮೊದಲು ಬಾಯಿ ಶುಚಿ ಮಾಡಿದೆವು. ಏನೇ ಶ್ವಾಸಕೋಶಕ್ಕೆ ಇಳಿದರೂ ಜೊತೆಗೆ ಬಾಯಿಯ ಬ್ಯಾಕ್ಟೀರಿಯಾ ಇಳಿಯುತ್ತದೆ, ನ್ಯುಮೋನಿಯಾ ತರುವುದು ಅದೇ. ಬೆನ್ನು ನೆಟ್ಟಗೆ ಮಾಡಿ ಕೂರಿಸಿ, ಕೆಮ್ಮಿಸಿ ನೋಡಿ, ನಾಲ್ಕು ಬೆರಳು ಗಂಟಲಿಗೆ ಇಟ್ಟೆವು: ತೋರುಬೆರಳು ಗದ್ದದಡಿ, ನಡುಬೆರಳು ಧ್ವನಿಪೆಟ್ಟಿಗೆಗಿಂತ ಮೇಲಿರುವ ಹಯಾಯ್ಡ್ ಮೂಳೆಯ ಮೇಲೆ, ಉಳಿದೆರಡು ಧ್ವನಿಪೆಟ್ಟಿಗೆಯ ಮೇಲೆ ಕೆಳಗೆ. 3 ಮಿ.ಲೀ. ನೀರು. ಧ್ವನಿಪೆಟ್ಟಿಗೆ ಮೇಲೇರಿದ್ದು ತಡವಾಗಿ. ಕೆಮ್ಮಿಲ್ಲ. ‘ಆ’ ಅನ್ನಿಸಿದರೆ ಮತ್ತೆ ಅದೇ ಒದ್ದೆ ದನಿ. ಬೆರಳಿಗೆ ತಿಳಿಯುವುದು ಇಷ್ಟೇ; ಒಳಗೆ ನೀರು ಎಲ್ಲಿಗೆ ಹೋಯಿತು ಎಂದು ಹೇಳಲು ವಿಡಿಯೊಫ್ಲೂರೊಸ್ಕೋಪಿಯಂಥ, ಅಂದರೆ ನುಂಗುವುದನ್ನು ಎಕ್ಸ್‌ರೇ ವಿಡಿಯೊದಲ್ಲಿ ನೋಡುವಂಥ, ಪರೀಕ್ಷೆ ಬೇಕು.

ಎಕ್ಸ್‌ರೇ ಪರದೆಯಲ್ಲಿ ಕಾಣಲೆಂದು ನೀರಿಗೆ ಬೇರಿಯಂ ಬೆರೆಸುತ್ತಾರೆ. ಬೇರಿಯಂ ತಾನೇ ದ್ರವವನ್ನು ಮಂದ ಮಾಡುವುದರಿಂದ ಬೆರೆಸಿದ ಮೇಲೆ ಮಂದ ಮತ್ತೆ ಅಳೆಯಬೇಕು, ಇಲ್ಲವಾದರೆ ‘ನೀರು’ ಎಂದು ಬರೆದದ್ದು ನೀರಾಗಿರುವುದಿಲ್ಲ. ಮೊದಲ ಗುಟುಕಿನಲ್ಲೇ ಕಪ್ಪು ಗೆರೆಯೊಂದು ಧ್ವನಿತಂತುಗಳ ಕೆಳಗೆ ಜಾರಿತು. ಮುಖದಲ್ಲಿ ಏನೂ ಇಲ್ಲ, ಕೆಮ್ಮಿಲ್ಲ. ಗುಟುಕು ಶ್ವಾಸನಾಳದತ್ತ ಎಷ್ಟು ಇಳಿಯಿತು ಎಂದು ಹೇಳುವ ಎಂಟು ಹಂತದ ಪೆನೆಟ್ರೇಷನ್ ಆಸ್ಪಿರೇಷನ್ ಮಾಪಕದಲ್ಲಿ ಇದು 8, ಎಲ್ಲಕ್ಕಿಂತ ಕೆಟ್ಟದ್ದು. ನೆತ್ತಿಗೆ ಹತ್ತದೆಯೇ ಶ್ವಾಸನಾಳ ಸೇರಿದ ಗುಟುಕು. ಗಂಟಲ ಬಲಗುಳಿಯಲ್ಲಿ ಬೇರಿಯಂ ಉಳಿದಿತ್ತು. ಇಂಥಲ್ಲಿ ಗದ್ದ ತಗ್ಗಿಸಿ ನುಂಗಿ ಎಂದರೆ ಉಳಿದದ್ದು ಉಕ್ಕಿ ಶ್ವಾಸನಾಳಕ್ಕೇ ಬೀಳಬಹುದು. ತಲೆಯನ್ನು ಸೋತ ಬಲಗಡೆಗೆ ತಿರುಗಿಸಿದಾಗ ಆ ಕಡೆಯ ದಾರಿ ಮುಚ್ಚಿ, ಗುಟುಕು ಎಡದಿಂದ ಇಳಿಯಿತು. ತುಸು ಮಂದವಾದ ದ್ರವ, ಅಂದರೆ ಇಡ್ಸಿ (ಆಹಾರ, ದ್ರವಗಳ ಮಂದವನ್ನು ಹಂತಗಳಲ್ಲಿ ಹೇಳುವ ಅಂತರರಾಷ್ಟ್ರೀಯ ಮಾನದಂಡ) ಎರಡನೇ ಹಂತದ್ದು, ಧ್ವನಿತಂತುಗಳ ಮೇಲಿನವರೆಗೆ ಬಂದು ಹೊರಗೆ ಹೋಯಿತು.

ಅಪ್ಪ ಕೇಳಿದ್ದು ಒಂದೇ: ‘ಮುದ್ದೆ ಯಾವಾಗ?’ ಈ ಪ್ರಶ್ನೆಯನ್ನು ಗೌರವದಿಂದ ಕೇಳಿಸಿಕೊಳ್ಳಬೇಕು. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಅಂಟುವ ದೊಡ್ಡ ತುತ್ತನ್ನು ತಳ್ಳಲು ನಾಲಿಗೆಯ ಬುಡಕ್ಕೆ ಬಲ ಬೇಕು, ಅನ್ನನಾಳದ ಬಾಯಿ ಚೆನ್ನಾಗಿ ತೆರೆಯಬೇಕು. ಜೊತೆಗೆ ತೆಳ್ಳನೆಯ ಸಾರು ಮುಂದೆ ಓಡುತ್ತದೆ. ಎರಡು ಅಪಾಯ ಒಂದೇ ತುತ್ತಿನಲ್ಲಿ. ‘ಮೆತ್ತಗಿದೆ’ ಎಂದು ಮನೆಯವರು ಕೊಡುವ ಸಾರನ್ನವೂ ಹೀಗೆಯೇ, ಅಗುಳು ಹಿಂದೆ, ಸಾರು ಮುಂದೆ.

ಸದ್ಯಕ್ಕೆ ರಾಗಿ ಗಂಜಿ. ಮಗಳು ಮಾಡಿ ತಂದ ಗಂಜಿಯನ್ನು ಸಿರಿಂಜಿನಲ್ಲಿ ಅಳೆದೆವು. 10 ಮಿ.ಲೀ. ಸಿರಿಂಜಿನ ಒತ್ತುಕಡ್ಡಿ ತೆಗೆದು, ತುದಿಗೆ ಬೆರಳು ಒತ್ತಿ, 10ರ ಗೆರೆಯವರೆಗೆ ತುಂಬಿ, ಬೆರಳು ಬಿಟ್ಟು 10 ಸೆಕೆಂಡಿಗೆ ಮತ್ತೆ ಮುಚ್ಚಬೇಕು. ಉಳಿದದ್ದು 1ರಿಂದ 4 ಮಿ.ಲೀ. ಆದರೆ ಒಂದನೇ ಹಂತ, 4ರಿಂದ 8 ಎರಡು, 8ಕ್ಕಿಂತ ಹೆಚ್ಚು ಉಳಿದು ಸ್ವಲ್ಪವಾದರೂ ಇಳಿದರೆ ಮೂರು. ಸಿರಿಂಜಿನಲ್ಲಿ ಸೊನ್ನೆಯಿಂದ 10ರ ಗೆರೆಗೆ 61.5 ಮಿ.ಮೀ. ಇರಬೇಕು, ಬ್ರಾಂಡ್ ಬದಲಾದರೆ ಸ್ಕೇಲ್ ಹಿಡಿದು ನೋಡಿಕೊಳ್ಳಿ.

ಮೊದಲ ಸಲ ಹನಿಯೂ ಇಳಿಯಲಿಲ್ಲ. ಗಂಜಿ ಮಂದವಾಗಿದೆ ಎಂದು ಬರೆದೇಬಿಡುತ್ತಿದ್ದೆವು, ಸೂಪರ್‌ವೈಸರ್ ತುದಿ ತೋರಿಸಿದರು: ಹಿಟ್ಟಿನ ಗಂಟು ಸಿಕ್ಕಿಕೊಂಡಿತ್ತು. ಸೋಸಿದ ಮೇಲೆ, ಬಿಸಿಯಿದ್ದಾಗ 3 ಮಿ.ಲೀ. ಉಳಿಯಿತು. ಇಪ್ಪತ್ತು ನಿಮಿಷ ಆರಿದ ಮೇಲೆ ಅದೇ ಗಂಜಿ, 6. ರಾಗಿಯ ಪಿಷ್ಟ ಆರುತ್ತಾ ಗಟ್ಟಿಯಾಗುತ್ತದೆ. ಅಳೆಯಬೇಕಾದದ್ದು ಒಲೆಯ ಬಳಿ ಅಲ್ಲ, ಬಾಯಿಗೆ ಇಡುವ ಬಿಸಿಯಲ್ಲಿ. ಇನ್ನೊಂದು: ಬಾಯಿಗೆ ಹೋದ ಚಮಚ ಮತ್ತೆ ಬಟ್ಟಲಿಗೆ ಬಂದರೆ ಎಂಜಲಿನ ಅಮೈಲೇಸ್ ಪಿಷ್ಟವನ್ನು ಒಡೆದು ಗಂಜಿ ನೀರಾಗುತ್ತದೆ. ಹಾಗಾಗಿ ಚಿಕ್ಕ ಬಟ್ಟಲಿಗೆ ಸ್ವಲ್ಪಸ್ವಲ್ಪವೇ ಬಗ್ಗಿಸಿಕೊಳ್ಳಬೇಕು.

ಕನ್ನಡದಲ್ಲಿ ಚೀಟಿ ಬರೆದುಕೊಟ್ಟೆವು: ಅವರ ಮನೆಯ ಲೋಟ, ಅವರ ಚಮಚ, ಸೋಸುವುದು, ಆರಿಸುವುದು, ತಲೆ ಬಲಕ್ಕೆ. ಮಗಳು ಸಿರಿಂಜ್ ತಾವೇ ಕೇಳಿ ತೆಗೆದುಕೊಂಡು, ಹತ್ತರವರೆಗೆ ಮೆಲ್ಲಗೆ ಎಣಿಸಿ, ಬೆರಳು ಮುಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ‘ಆರು. ಈಗ ಕೊಡಬಹುದಾ ಮೇಡಂ?’